ಕಾರಿಗೆ ಚಪ್ಪಾಳೆ, ಟಿಂಕರನಿಗೆ ಎಂತ?

ಕಳೆದ ತಿಂಗಳು ನಮ್ಮ ಕುಟುಂಬದಲ್ಲಿ ಒಂದು ಸಂಬಂಧದ ಮಾತುಕತೆ ನಡೆಯಿತು. ಹುಡುಗ ನನ್ನ ತಮ್ಮನ ಮಗ. ವಯಸ್ಸು 26. ಸಿಗರೇಟಿನ ಅಭ್ಯಾಸ ಕೂಡ ಇಲ್ಲ. ತಿಂಗಳು ತಿಂಗಳು ತಪ್ಪದೆ ಉಮ್ಮನ ಕೈಗೆ ಹಣ ಕೊಡುವವನು. ಹುಡುಗಿಯ ಕಡೆಯವರು ಬಂದರು, ಚಾ ಕುಡಿದರು, ನಕ್ಕು ಮಾತಾಡಿದರು. ಕೊನೆಗೆ ಹುಡುಗಿಯ ಸೋದರಮಾವ ಕೇಳಿದರು: "ಹುಡುಗನಿಗೆ ಎಂತ ಕೆಲಸ?"

"ಟಿಂಕರಿಂಗ್. ಉಪ್ಪನೊಟ್ಟಿಗೆ ಸ್ವಂತ ಗ್ಯಾರೇಜ್ ಉಂಟು."

"ಓ... ಗ್ಯಾರೇಜಾ."

ಎರಡು ದಿನ ಕಳೆದು ಫೋನ್ ಬಂತು. "ಬೇಜಾರು ಮಾಡ್ಬೇಡಿ. ಹುಡುಗಿ ಬಿ.ಕಾಂ. ಮಾಡಿದ್ದಾಳೆ ಅಲ್ವಾ..." ಮುಂದಿನ ಮಾತು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿಜ ಹೇಳಬೇಕೆಂದರೆ ಬೇಜಾರು ಮಾಡುವ ಹಕ್ಕು ನನಗೆ ಇರಲಿಲ್ಲ. ಎಂಟು ವರ್ಷದ ಹಿಂದೆ ನನ್ನ ಮಗಳಿಗೆ ಬಂದ ಒಂದು ಸಂಬಂಧವನ್ನು ಇದೇ ಕಾರಣಕ್ಕೆ ಬೇಡ ಅಂದವನು ನಾನು. ಆ ಹುಡುಗ ಕಾರಿಗೆ ಪೈಂಟ್ ಹೊಡೆಯುವವನು. "ಕೈಯಲ್ಲಿ ಯಾವಾಗಲೂ ಬಣ್ಣ" ಅಂತ ನಾನೇ ತಮಾಷೆ ಮಾಡಿದ್ದೆ. ನನ್ನ ಸ್ವಂತ ತಮ್ಮ ಟಿಂಕರ್ ಎಂಬುದು ಆಗ ನನಗೆ ನೆನಪೇ ಆಗಲಿಲ್ಲ.

ತಮ್ಮ 19 ವರ್ಷ ಶಾರ್ಜಾದಲ್ಲಿ ದುಡಿದು ಊರಿಗೆ ಬಂದವನು. ಸಂಬಂಧ ತಪ್ಪಿದ ಆ ವಾರ ಅವನ ಮನೆಗೆ ಹೋದೆ. ಏನಾದರೂ ಸಮಾಧಾನ ಹೇಳಬೇಕು ಅಂತ ಹೋದವನು ನಾನು. ಅವನು ಆ ವಿಷಯ ಎತ್ತಲೇ ಇಲ್ಲ. ಮೊಬೈಲ್ ತೆಗೆದು ಒಂದು ವಿಡಿಯೋ ತೋರಿಸಿದ. "ಇದು ನೋಡು ಇಚ್ಚ, ಇವರು ಎಂತ ಜನ ಅಂತ."

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಬಿಸೆಸ್ಟರ್ ಎಂಬ ಊರಿದೆ. ಅಲ್ಲಿ ಬ್ರಿಟಿಷ್ ವಾಯುಪಡೆಯ ಹಳೆಯ ವಿಮಾನ ನೆಲೆಯನ್ನು ಹಳೇ ಕಾರುಗಳ ಕೇಂದ್ರವಾಗಿ ಮಾಡಿದ್ದಾರೆ. ವರ್ಷದಲ್ಲಿ ಕೆಲವು ಭಾನುವಾರ 'ಸ್ಕ್ರ್ಯಾಂಬಲ್' ಎಂಬ ಹೆಸರಿನಲ್ಲಿ ಹಳೇ ಕಾರು ಪ್ರಿಯರೆಲ್ಲ ಅಲ್ಲಿ ಸೇರುತ್ತಾರೆ. ಜಾಗ್ವಾರ್, ಎಂಜಿ, ಲೋಟಸ್, ಆಸ್ಟನ್ ಮಾರ್ಟಿನ್ ಎಂದು ಸಾಲು ಸಾಲು ಸ್ಪೋರ್ಟ್ಸ್ ಕಾರುಗಳು. ಹೊಳೆಯುವ ಕಾರಿನ ಸುತ್ತ ಜನ ಇರುವುದು ದೊಡ್ಡ ವಿಷಯ ಅಲ್ಲ. ನನಗೆ ಆಶ್ಚರ್ಯ ಆದದ್ದು ಬೇರೆ. ಪೈಂಟೇ ಇಲ್ಲದ, ಬಾಗಿಲು ಬಿಚ್ಚಿದ, ಅಲ್ಲಲ್ಲಿ ಬೆಸುಗೆಯ ಗುರುತು ಕಾಣುವ ಅರ್ಧ ಮುಗಿದ ಕಾರಿನ ಸುತ್ತಲೂ ಅಷ್ಟೇ ಜನ! ಕೋಟು ಹಾಕಿದ ಅಜ್ಜಂದಿರು ನೆಲದಲ್ಲಿ ಮೊಣಕಾಲೂರಿ ಕಾರಿನ ಅಡಿಭಾಗ ನೋಡುತ್ತಿದ್ದಾರೆ. ಒಬ್ಬರು ಬೆಸುಗೆಯ ಮೇಲೆ ಬೆರಳು ಆಡಿಸಿ ತಲೆಯಲ್ಲಾಡಿಸುತ್ತಾರೆ. ನಮ್ಮಲ್ಲಿ ಮದುಮಗಳ ಚಿನ್ನವನ್ನು ಹೆಂಗಸರು ನೋಡುವ ಹಾಗೆ.

"ಇವರು ಕಾರು ನೋಡ್ತಾ ಇಲ್ಲ ಇಚ್ಚ, ಕೆಲಸ ನೋಡ್ತಾ ಇದ್ದಾರೆ" ಅಂದ ತಮ್ಮ.

ಆಮೇಲೆ ಅವನು ಒಂದು ಕಾರಿನ ಕಥೆ ಹೇಳಿದ. ಆ ಲೋಕದಲ್ಲಿ ಇದು ಬಹಳ ಪ್ರಸಿದ್ಧ ಕಥೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಜಾಗ್ವಾರ್ ಕಂಪೆನಿ 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಇ-ಟೈಪ್ ಎಂಬ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಉದ್ದ ಮೂತಿ, ಮೀನಿನ ಹಾಗೆ ನುಣುಪು ಮೈ. ಬಾನೆಟ್ ತೆರೆದರೆ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಅದರ ಆಕಾರ ಗೆರೆ ಗೆರೆಯಾಗಿ ಲೆಕ್ಕ ಹಾಕಿದವರು ಮಾಲ್ಕಂ ಸೇಯರ್, ವಿಮಾನದ ಕೆಲಸದಿಂದ ಕಾರಿನ ಕೆಲಸಕ್ಕೆ ಬಂದವರು. ರೇಸಿಗಾಗಿ 1963 ಮತ್ತು 1964ರಲ್ಲಿ ಕಬ್ಬಿಣದ ತಗಡಿನ ಬದಲು ಅಲ್ಯೂಮಿನಿಯಂ ಬಾಡಿಯ 12 ಹಗುರ ಕಾರುಗಳನ್ನು ಕಂಪೆನಿ ಮಾಡಿತು. ಅದರಲ್ಲಿ ಒಂದು ಜರ್ಮನಿಯ ಪೀಟರ್ ಲಿಂಡ್ನರ್ ಎಂಬವರ ಕೈಗೆ ಹೋಯಿತು. ಪೀಟರ್ ನೋಕರ್ ಎಂಬವರು ಅವರ ಜೊತೆ ಚಾಲಕ. ಹಾಗಾಗಿ ಇಂದಿಗೂ ಅದಕ್ಕೆ ಲಿಂಡ್ನರ್-ನೋಕರ್ ಕಾರು ಎಂದೇ ಹೆಸರು.

1964ರ ಅಕ್ಟೋಬರ್. ಪ್ಯಾರಿಸ್ ಸಮೀಪದ ಮೋಂಟ್ಲೆರಿ ಟ್ರ್ಯಾಕ್. ಮಳೆಯಲ್ಲಿ ಕಾರು ಹಿಡಿತ ತಪ್ಪಿ, ನಿಂತಿದ್ದ ಇನ್ನೊಂದು ಕಾರಿಗೆ ಬಡಿಯಿತು. ಲಿಂಡ್ನರ್, ಆ ಇನ್ನೊಂದು ಕಾರಿನ ಚಾಲಕ ಮತ್ತು ಮೂವರು ಟ್ರ್ಯಾಕ್ ಸಿಬ್ಬಂದಿ, ಒಟ್ಟು ಐದು ಜನ ತೀರಿಹೋದರು. ಕಾರು ಜಜ್ಜಿದ ಡಬ್ಬದ ಹಾಗೆ ಆಯಿತು. ಮುಂದೆ ಉಳಿದ ಎಂಜಿನ್ ಮುಂತಾದವನ್ನು ಹೊಸ ಬಾಡಿಗೆ ಜೋಡಿಸಿದರು. ಜಜ್ಜಿದ ಮೂಲ ಬಾಡಿ ಬೇರೆಯಾಗಿ ಉಳಿಯಿತು. ನಮ್ಮಲ್ಲಿ ಆಗಿದ್ದರೆ ಮರುದಿನವೇ ಗುಜರಿಗೆ ಹೋಗುತ್ತಿತ್ತು, ಕಿಲೋ ಲೆಕ್ಕದಲ್ಲಿ.

ಸುಮಾರು ನಾಲ್ಕು ದಶಕ ಕಳೆದ ಮೇಲೆ ಇಂಗ್ಲೆಂಡಿನ ಬ್ರಿಜ್‌ನಾರ್ತ್ ಎಂಬ ಸಣ್ಣ ಊರಿನ ಕ್ಲಾಸಿಕ್ ಮೋಟಾರ್ ಕಾರ್ಸ್ ಎಂಬ ಗ್ಯಾರೇಜು ಆ ಬಾಡಿಯನ್ನೇ ಪುನಃ ನಿಲ್ಲಿಸಲು ಹೊರಟಿತು. ಹೊಸ ಬಾಡಿ ಮಾಡುವುದು ಸುಲಭವಿತ್ತು. ಆದರೆ ಅವರು ಮುದುಡಿದ ಅಲ್ಯೂಮಿನಿಯಂ ತಗಡುಗಳನ್ನು ಒಂದೊಂದಾಗಿ ಬಿಚ್ಚಿ, ಬಡಿದು, ನೇರ ಮಾಡಿ, ಬೆಸೆದು ಮತ್ತೆ ಜೋಡಿಸಿದರು. 2011ರಲ್ಲಿ ಕೆಲಸ ಮುಗಿಯುವಾಗ ಒಟ್ಟು 7,000 ಗಂಟೆಗೂ ಹೆಚ್ಚು ಹಿಡಿದಿತ್ತು. ದಿನಕ್ಕೆ 8 ಗಂಟೆಯ ಹಾಗೆ, ವರ್ಷಕ್ಕೆ 300 ದಿನದ ಹಾಗೆ ಲೆಕ್ಕ ಹಾಕಿ ನೋಡಿ: ಒಬ್ಬನೇ ಮಾಡಿದ್ದರೆ ಸುಮಾರು ಮೂರು ವರ್ಷದ ಕೆಲಸ. ಅದರಲ್ಲಿ ಹೆಚ್ಚು ಗಂಟೆಗಳು ಹೋದದ್ದು ಮೂಲ ತಗಡನ್ನು ಉಳಿಸಲಿಕ್ಕೇ.

ಇದರಲ್ಲಿ ಎಂತ ಕಷ್ಟ ಅಂತ ನಾನು ಕೇಳಿದೆ. ತಮ್ಮ ನಗಾಡಿದ. ಕಬ್ಬಿಣ ಬಿಸಿಯಾದರೆ ಕೆಂಪಾಗುತ್ತದೆ, ಸಾಕು ಅಂತ ಅದೇ ಹೇಳುತ್ತದೆ. ಅಲ್ಯೂಮಿನಿಯಂ ಬಣ್ಣ ಬದಲಿಸುವುದಿಲ್ಲ. 660 ಡಿಗ್ರಿ ಸೆಲ್ಸಿಯಸ್ ಮುಟ್ಟಿತೋ, ಒಂದು ಮಾತೂ ಹೇಳದೆ ಕರಗಿ ಕೆಳಗೆ ಬೀಳುತ್ತದೆ. ಬಡಿದ ಹಾಗೆ ಗಟ್ಟಿಯಾಗಿ, ಮತ್ತೆ ಬಡಿದರೆ ಬಿರುಕು ಬಿಡುತ್ತದೆ. ಹಾಗಾಗಿ ಆಗಾಗ ಬಿಸಿ ಮಾಡಿ ಮೆದು ಮಾಡಬೇಕು. ಎಷ್ಟು ಬಿಸಿ ಅಂತ ಗೊತ್ತಾಗುವುದು ಹೇಗೆ? ತಗಡಿನ ಮೇಲೆ ಸಾಬೂನು ಉಜ್ಜುತ್ತಾರೆ. ಸಾಬೂನು ಕಪ್ಪಾದ ಕೂಡಲೇ ಗ್ಯಾಸ್ ತೆಗೆಯಬೇಕು. "ಇದು ಪುಸ್ತಕದಲ್ಲಿ ಓದಿದ್ರೆ ಬರುದಿಲ್ಲ ಇಚ್ಚ. ನಾಲ್ಕು ತಗಡು ತೂತು ಮಾಡಿದ ಮೇಲೆ ಬರುದು."

ಪುಟ್ಟಿ ಹಾಕಿ ಮುಚ್ಚುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲೇ. ಪುಟ್ಟಿ ಹಾಕಿದ್ದು ಎರಡು ಮಳೆಗಾಲ ಕಳೆಯುವಾಗ ಉಬ್ಬಿ ಬರುತ್ತದೆ. ಸುತ್ತಿಗೆ ಮತ್ತು ಡಾಲಿಯಲ್ಲಿ ಎಬ್ಬಿಸಿದ ತಗಡು ಹಾಗೆಯೇ ಇರುತ್ತದೆ. ಅಲ್ಲಿ ಮೊಣಕಾಲೂರಿ ನೋಡುತ್ತಿದ್ದ ಆ ಅಜ್ಜಂದಿರಿಗೆ ಈ ವ್ಯತ್ಯಾಸ ಗೊತ್ತು. ಜಾಗ್ವಾರ್ ಕಂಪೆನಿಯೇ 2014ರಿಂದ ಅದೇ ಹಗುರ ಮಾದರಿಯ ಆರು ಹೊಸ ಕಾರುಗಳನ್ನು ಮಾಡಿತು. ಹೊಸದನ್ನು ಹಣವಿದ್ದರೆ ಮಾಡಬಹುದು. ಮುರಿದ ಮೂಲವನ್ನು ಉಳಿಸಲು ಕೈ ಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನಮ್ಮಲ್ಲಿ ಯಾರಾದರೂ ಹೇಳಬಹುದು: "ಇದೆಲ್ಲ ಶ್ರೀಮಂತರ ಮರುಳು ಮಾರಾಯ್ರೆ. ಒಂದು ಕಾರಿಗೆ ಕೋಟಿ ಸುರಿಯುವುದು ದುಂದು ಅಲ್ಲವಾ?" ಹೌದು, ಆ ಮಾತಿನಲ್ಲಿ ಸತ್ಯ ಉಂಟು. ತಲೆ ಮೇಲೆ ಸೂರಿಲ್ಲದವರು ಇರುವಾಗ ಒಂದು ಕಾರನ್ನು ರೇಷ್ಮೆ ಬಟ್ಟೆಯಲ್ಲಿ ಒರೆಸುತ್ತಾ ಕೂರುವುದನ್ನು ನಾನು ಹೊಗಳುವುದಿಲ್ಲ. ಆ ಕಾರಿನ ಬೆಲೆಯ ಬಗ್ಗೆ ನನಗೆ ಮೋಹ ಇಲ್ಲ. ಆದರೆ ಒಂದು ಪ್ರಶ್ನೆ. ಮದುವೆ ಹಾಲ್‌ಗೆ, ಗೇಟಿಗೆ, ಎರಡು ವರ್ಷಕ್ಕೊಮ್ಮೆ ಬದಲಿಸುವ ಕಾರಿಗೆ ನಾವು ಸುರಿಯುವ ಹಣ ದುಂದು ಅಲ್ಲವಾ? ಅವರ ದುಂದಿನಲ್ಲಿ ಕಡೇಪಕ್ಷ ಒಬ್ಬ ಕೆಲಸಗಾರನ ವಿದ್ಯೆ ಉಳಿಯುತ್ತದೆ.

ಅಲ್ಲಿ ಅದನ್ನು ಉಳಿಸಲು ವ್ಯವಸ್ಥೆಯೂ ಉಂಟು. ಬಿಸೆಸ್ಟರ್‌ನ ಅದೇ ಜಾಗದಲ್ಲಿ ಹೆರಿಟೇಜ್ ಸ್ಕಿಲ್ಸ್ ಅಕಾಡೆಮಿ ಎಂಬ ಶಾಲೆ ಇದೆ. ಹುಡುಗ ಹುಡುಗಿಯರು ಹಳೇ ಕಾರಿನ ಬಾಡಿ ಕಟ್ಟುವುದು, ದುರಸ್ತಿ ಮಾಡುವುದು ಕಲಿಯುತ್ತಾರೆ. ಗ್ಯಾರೇಜುಗಳಲ್ಲಿ ಸಂಬಳ ಪಡೆಯುತ್ತಲೇ ಕಲಿಯುತ್ತಾರೆ. ಇನ್ನೊಂದು ಸಂಗತಿ ಕೇಳಿ. ಲಿಂಡ್ನರ್ ಕಾರನ್ನು ಎಬ್ಬಿಸಿದ ಬ್ರಿಜ್‌ನಾರ್ತ್‌ನ ಆ ಗ್ಯಾರೇಜಿನ ಮಾಲಕರು ಮುಂದೆ ಕಂಪೆನಿಯನ್ನೇ ಕೆಲಸಗಾರರ ಟ್ರಸ್ಟ್‌ಗೆ ಬರೆದುಕೊಟ್ಟರು. ಅಂದರೆ ಸುತ್ತಿಗೆ ಹಿಡಿದವರೇ ಮಾಲಕರಾದರು.

ನಮ್ಮ ಕಡೆಗೆ ಬರೋಣ. ಬ್ಯಾರಿಗಳ ಮನೆ ಹತ್ತು ಎಣಿಸಿದರೆ ಗ್ಯಾರೇಜು, ಪೈಂಟು, ವಯರಿಂಗ್, ಸ್ಪೇರ್ ಪಾರ್ಟ್ಸ್, ಗುಜರಿ, ಲಾರಿ, ಇವುಗಳಲ್ಲಿ ಒಂದರ ಋಣ ಇಲ್ಲದ ಮನೆ ಎಷ್ಟು ಸಿಗಬಹುದು? ಗಲ್ಫಿನಲ್ಲಿಯೂ ನಮ್ಮ ಎಷ್ಟೋ ಮಕ್ಕಳು ಕೈಯ ಕೆಲಸದಿಂದಲೇ ಊರಿನ ಮನೆ ಕಟ್ಟಿದವರು. ಶಾರ್ಜಾದಲ್ಲಿ ಹಳೇ ಕಾರುಗಳ ಮ್ಯೂಸಿಯಂ ಇದೆ. ರಜೆಯ ದಿನ ತಮ್ಮ ಅಲ್ಲಿ ಹೋಗಿ ತಾಸುಗಟ್ಟಲೆ ನಿಲ್ಲುತ್ತಿದ್ದನಂತೆ. ನಮ್ಮ ಜಿಲ್ಲೆಯಲ್ಲೂ ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡದವರು ಕಡಿಮೆ. ಕಾರು ಯಾವ ಕಂಪೆನಿಯದ್ದು, ಯಾವ ವರ್ಷದ್ದು ಅಂತ ನಾವು ಓದುತ್ತೇವೆ. ಇಷ್ಟು ವರ್ಷ ಅದನ್ನು ತುಕ್ಕು ಹಿಡಿಯದ ಹಾಗೆ ನೋಡಿಕೊಂಡ ಕೈ ಯಾವುದು ಅಂತ ನಾವು ಕೇಳುವುದಿಲ್ಲ.

ತಮ್ಮನ ಮೊಬೈಲಿನಲ್ಲಿ ಒಂದು ಹಳೇ ಫೋಟೋ ಉಂಟು. ಅವನು ಕೆಲಸ ಮಾಡುತ್ತಿದ್ದ ಗ್ಯಾರೇಜಿಗೆ ಒಂದು ಹಳೇ ಸ್ಪೋರ್ಟ್ಸ್ ಕಾರು ಬಂದಿತ್ತು. ಬಾಗಿಲಿನ ಅಡಿಭಾಗ, ಮಡ್‌ಗಾರ್ಡ್ ಎಲ್ಲ ತುಕ್ಕು ತಿಂದು ಹೋಗಿತ್ತು. ಏಳು ತಿಂಗಳು ಕೂತು ಅವನೇ ತಗಡು ಕತ್ತರಿಸಿ, ಬಗ್ಗಿಸಿ, ಸರಿ ಮಾಡಿದ. ಮುಗಿದ ದಿನ ಕಾರಿನವರು ಗೆಳೆಯರನ್ನೆಲ್ಲ ಕರೆದುಕೊಂಡು ಬಂದರು. ಎಲ್ಲರೂ ಸುತ್ತು ಹಾಕಿ ನೋಡಿದರು, ಹೊಗಳಿದರು. ಫೋಟೋ ತೆಗೆಯುವಾಗ ಯಾರೋ ಒಬ್ಬರು ಇವನಿಗೆ ಕೈ ಸನ್ನೆ ಮಾಡಿದರು, "ಸ್ವಲ್ಪ ಆಚೆ ಹೋಗು." ಎಲ್ಲರೂ ಹೋದ ಮೇಲೆ ಇವನು ತನ್ನ ಮೊಬೈಲಲ್ಲಿ ಒಂದು ಫೋಟೋ ತೆಗೆದುಕೊಂಡ. ಅದರಲ್ಲಿ ಕಾರು ಮಾತ್ರ ಉಂಟು. ಸರಿಯಾಗಿ ನೋಡಿದರೆ ಬಾಗಿಲಿನ ಹೊಳಪಿನಲ್ಲಿ ಮೊಬೈಲ್ ಹಿಡಿದ ಇವನ ನೆರಳು ಕಾಣುತ್ತದೆ.

ಅವರ ಮೇಲೆ ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದೆ. ಅವರು ಫೋಟೋದಿಂದ ಆಚೆ ಹೋಗು ಅಂದರು. ನಾವು ಸಂಬಂಧದ ಮಾತಿನಿಂದಲೇ ಆಚೆ ಕಳಿಸುತ್ತೇವೆ.

ಹಾಗಂತ ಹೆತ್ತವರದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಗ್ಯಾರೇಜಿನ ಜೀವನ ಅವರು ಕಣ್ಣಾರೆ ಕಂಡಿದ್ದಾರೆ. ಹತ್ತು ವರ್ಷದ ಹುಡುಗರು ಶಾಲೆ ಬಿಟ್ಟು, ಸಂಬಳ ಇಲ್ಲದೆ, ಬೈಗುಳ ತಿಂದು ಕಲಿತ ಕಾಲ ಅದು. ಇವತ್ತಿಗೂ ಮಾಸ್ಕ್ ಇಲ್ಲದೆ ಸ್ಪ್ರೇ ಪೈಂಟ್ ಹೊಡೆಯುವವರು ಇದ್ದಾರೆ. ಹಾರ್ಡನರ್ ಬೆರೆಸಿದ ಪೈಂಟಿನ ಹೊಗೆಯಿಂದ ಅಸ್ತಮಾ ಬರುತ್ತದೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ವಿಷಯ. ಇನ್ಶೂರೆನ್ಸ್ ಇಲ್ಲ, ಪಿಎಫ್ ಇಲ್ಲ. ಮಗಳನ್ನು ಕೊಡುವವರು ಇದನ್ನೆಲ್ಲ ಯೋಚಿಸುವುದು ಸಹಜ. ಆದರೆ ಇದಕ್ಕೆ ಮದ್ದು ಕೆಲಸವನ್ನು ಸರಿಪಡಿಸುವುದು. ಕೆಲಸಗಾರನನ್ನು ದೂರ ಇಡುವುದಲ್ಲ.

ಮಾಡಬಹುದಾದದ್ದು ಇಷ್ಟು. ಕೆಲಸ ಗೊತ್ತಿದ್ದು ಸರ್ಟಿಫಿಕೇಟ್ ಇಲ್ಲದವರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಬಂದಿದೆ. ಐಟಿಐಯಲ್ಲಿ ಬಾಡಿ ರಿಪೇರಿ, ಬಾಡಿ ಪೈಂಟಿಂಗ್‌ಗೆಂದೇ ಕೋರ್ಸುಗಳಿವೆ. ಹತ್ತನೇ ತರಗತಿ ಮುಗಿಸಿದ, ಕೈ ಕೆಲಸದಲ್ಲಿ ಮನಸ್ಸಿರುವ ಹುಡುಗನನ್ನು ಬಲವಂತವಾಗಿ ಬೇರೆ ಕಾಲೇಜಿಗೆ ಸೇರಿಸಿ ಫೇಲ್ ಮಾಡಿಸುವುದಕ್ಕಿಂತ ಇದು ಉತ್ತಮ. ನಮ್ಮ ಸಂಘ ಸಂಸ್ಥೆಗಳು ಡಾಕ್ಟರ್, ಇಂಜಿನಿಯರ್ ಓದುವವರಿಗೆ ವಿದ್ಯಾರ್ಥಿವೇತನ ಕೊಡುತ್ತವೆ, ಸನ್ಮಾನವನ್ನೂ ಮಾಡುತ್ತವೆ. ಒಳ್ಳೆಯದೇ. ಅದೇ ವೇದಿಕೆಯಲ್ಲಿ ವರ್ಷಕ್ಕೆ ಇಬ್ಬರು ಹುಡುಗರಿಗೆ ಒಂದು ಟೂಲ್ ಕಿಟ್, ಒಂದು ಒಳ್ಳೆಯ ಮಾಸ್ಕ್ ಕೊಡಲಿ. ಮೂವತ್ತು ವರ್ಷ ಸುತ್ತಿಗೆ ಹಿಡಿದ ಒಬ್ಬ ಹಿರಿಯ ಟಿಂಕರನಿಗೆ ಶಾಲು ಹೊದಿಸಲಿ.

ಗ್ಯಾರೇಜಿನವರಿಗೂ ಒಂದು ಮಾತು. ಮಾಡಿದ ಕೆಲಸದ ಫೋಟೋ ತೆಗೆದಿಡಿ, ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಅಂತ. ಬಿಸೆಸ್ಟರ್‌ನಂಥ ಕೂಟಗಳಿಗೆ ಬರುವವರು ಕಾರಿನೊಟ್ಟಿಗೆ ಅಂಥ ಆಲ್ಬಮ್ ತರುತ್ತಾರೆ. ನಿಮ್ಮ ಆಲ್ಬಮ್ಮಿನಲ್ಲಿ ನೀವೂ ಇರಿ.

ಇನ್ನು ಮನೆಯವರಿಗೆ. ಸಂಬಂಧ ನೋಡುವಾಗ "ಹುಡುಗನಿಗೆ ಎಂತ ಕೆಲಸ" ಅಂತ ಖಂಡಿತ ಕೇಳಿ. ಆದರೆ ಅಲ್ಲಿಗೆ ನಿಲ್ಲಿಸಬೇಡಿ. ಗ್ಯಾರೇಜಿಗೇ ಒಮ್ಮೆ ಹೋಗಿ ಬನ್ನಿ. ಅವನು ಪುಟ್ಟಿ ಹಾಕಿ ಮುಚ್ಚುವವನೋ, ತಗಡನ್ನೇ ಸರಿ ಮಾಡುವವನೋ ನೋಡಿ. ಯಾರೂ ನೋಡದ ಅಡಿಭಾಗವನ್ನೂ ನೇರ ಮಾಡುವ ಹುಡುಗ ಮನೆಯನ್ನೂ ಹಾಗೆಯೇ ನೋಡಿಕೊಂಡಾನು.

ಎಂಟು ವರ್ಷದ ಹಿಂದೆ ಈ ಮಾತು ನನಗೆ ಯಾರಾದರೂ ಹೇಳಬೇಕಿತ್ತು. ತಮ್ಮನ ಮಗ ಮಾತ್ರ ಇವತ್ತೂ ಬೆಳಿಗ್ಗೆ ಎಂಟಕ್ಕೆ ಗ್ಯಾರೇಜ್ ತೆರೆದಿದ್ದಾನೆ. ಅವನಿಗೆ ಹುಡುಗಿ ನೋಡುವ ಕೆಲಸ ಈಗ ನಾನೇ ವಹಿಸಿಕೊಂಡಿದ್ದೇನೆ.