ಮೀನು ನಾಚ್ತಿಲ್ಲ ಸ್ವಾಮಿ, ಹೆದರಿದೆ

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡಿರೋ ಗೆಳೆಯರೆಲ್ಲರ ದೂರೂ ಒಂದೇ. "ಸಾವಿರಾರು ರೂಪಾಯಿ ಕೊಟ್ಟು ತಂದೆ ಗುರೂ, ಬಂದ ದಿನದಿಂದ ಕಲ್ಲಿನ ಹಿಂದೆ ಹೋಗಿ ಕೂತಿದೆ. ತುಂಬಾ ಶೈ. ಏನ್ ಮಾಡ್ಲಿ?" ನನ್ನ ಉತ್ತರವೂ ಒಂದೇ: ಸ್ವಲ್ಪ ಕಡಿಮೆ ಮಾಡಿ. ಇಲ್ಲಿ ರಿಪೇರಿ ಆಗಬೇಕಿರೋದು ನಮ್ಮ ಆತುರ.

ಫೈರ್‌ಫಿಶ್ ಅನ್ನೋ ಮೀನನ್ನೇ ತಗೊಳ್ಳಿ. ಬೆರಳುದ್ದದ ಜೀವ. ಮುಂದೆ ಬಿಳಿ, ಹಿಂದೆ ಕೆಂಡದ ಕೆಂಪು, ಬೆನ್ನ ಮೇಲೆ ಬಾವುಟದ ಕೋಲಿನಂಥ ರೆಕ್ಕೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನ ಹವಳದ ದಿಬ್ಬಗಳ ಪಕ್ಕದಲ್ಲಿ ತನ್ನ ಬಿಲದ ಮೇಲೆಯೇ ತೇಲ್ತಾ, ಹರಿವಿನಲ್ಲಿ ಬರೋ ಸಣ್ಣ ಜೀವಿಗಳನ್ನ ಹಿಡಿದು ತಿನ್ನುತ್ತೆ. ನೆರಳು ಬಿದ್ದರೆ ಸಾಕು, ರಪ್ಪಂತ ಬಿಲದೊಳಗೆ. ಹಾಗೆ ನುಗ್ಗೋದು ಗೊತ್ತಿದ್ದರಿಂದಲೇ ಅದರ ಕುಲ ಇಲ್ಲಿಯವರೆಗೆ ಉಳಿದಿದೆ. ಅಂಗಡಿಗೆ ಬರೋ ಫೈರ್‌ಫಿಶ್‌ಗಳಲ್ಲಿ ಹೆಚ್ಚಿನವು ಸಮುದ್ರದಿಂದಲೇ ಹಿಡಿದವು. ಬಲೆ, ತೊಟ್ಟಿ, ಪ್ಲಾಸ್ಟಿಕ್ ಚೀಲ, ಕತ್ತಲ ಡಬ್ಬಿ, ವಿಮಾನ, ಮತ್ತೊಂದು ತೊಟ್ಟಿ, ಮತ್ತೊಂದು ಚೀಲ, ಕೊನೆಗೆ ನಮ್ಮ ಹಾಲ್‌ನಲ್ಲಿ ಟಿವಿ ಪಕ್ಕ. ಇಷ್ಟಾದ ಮೇಲೂ ಅದು ಶನಿವಾರ ಸಂಜೆ ಬಂದ ನೆಂಟರ ಮುಂದೆ ಕುಣೀಬೇಕಾ?

ಸಂತೆಯಿಂದ ಹೊಸ ಹಸು ತಂದ ದಿನ ನಮ್ಮೂರಲ್ಲಿ ಅದನ್ನ ಕೊಟ್ಟಿಗೆಯ ಮೂಲೆಗೆ ಕಟ್ಟಿ, ಹುಲ್ಲು ನೀರು ಇಟ್ಟು, ಮಕ್ಕಳನ್ನ ಆಚೆ ಓಡಿಸ್ತಾರೆ. ಹಾಲು ಕಮ್ಮಿ ಕೊಟ್ಟರೆ "ಜಾಗ ಹೊಸದು, ಒಗ್ಗಲಿ ಬಿಡು" ಅಂತಾರೆ. ಪರಊರಿಗೆ ಹೋದವನಿಗೆ ನೆಗಡಿ ಆದ್ರೂ "ನೀರು ಒಗ್ಗಿಲ್ಲ" ಅನ್ನೋ ಜನ ನಾವು. ಅಕ್ಷರಶಃ ನೀರು ಬದಲಾಗಿರೋ ಮೀನಿಗೆ ಮಾತ್ರ ಆ ಮಾತು ಯಾಕೆ ಅನ್ವಯಿಸಲ್ಲ?

ನಾವು ಮಾಡೋದೇನು? ಬಂದ ರಾತ್ರಿಯೇ ಲೈಟು ಪೂರ್ತಿ ಉರಿಸ್ತೀವಿ. ಗಾಜು ಬಡೀತೀವಿ. ಮೈಯ ಎರಡೂ ಪಕ್ಕದಲ್ಲಿ ನೀರಿನ ಸಣ್ಣ ಅದುರನ್ನೂ ಹಿಡಿಯೋ ಅಂಗ ಇರೋ ಪ್ರಾಣಿಗೆ ಆ ಬಡಿತ ಹೇಗಿರುತ್ತೆ ಅಂತ ಯೋಚಿಸಲ್ಲ. ಬದುಕಿದೆಯೋ ಇಲ್ಲವೋ ನೋಡೋಕೆ ಕೈ ಹಾಕಿ ಕಲ್ಲು ಎತ್ತುತೀವಿ. ಎಲ್ಲಕ್ಕಿಂತ ದೊಡ್ಡ ದಡ್ಡತನ ಅಂದ್ರೆ, ಮೀನು ಕಾಣ್ಲಿ ಅಂತ ಕಲ್ಲುಗಳನ್ನೇ ತೆಗೆದುಬಿಡೋದು. ಆಗೋದು ತದ್ವಿರುದ್ಧ. ಓಡಿಹೋಗೋಕೆ ಹತ್ತಿರದಲ್ಲೇ ಬಿಲ ಇದೆ ಅನ್ನೋ ಧೈರ್ಯ ಇದ್ದ ಮೀನು ಹೊರಗೆ ಬರುತ್ತೆ. ಬಿಲವೇ ಇಲ್ಲದ ಮೀನು ಮೂಲೆ ಹಿಡಿಯುತ್ತೆ, ಇಲ್ಲಾ ಟ್ಯಾಂಕಿನಿಂದ ಹಾರಿ ನೆಲದ ಮೇಲೆ ಬಿದ್ದು ಒಣಗುತ್ತೆ. ಫೈರ್‌ಫಿಶ್ ಹಾರೋದರಲ್ಲಿ ಹೆಸರುವಾಸಿ. ಟ್ಯಾಂಕಿನ ಮೇಲೆ ಸಣ್ಣ ಕಣ್ಣಿನ ಜಾಲರಿ ಹಾಕದೆ ಅದನ್ನ ತರಲೇಬೇಡಿ.

ಹಾಗಾದ್ರೆ ಏನು ಮಾಡ್ಬೇಕು? ಕೆಲಸವೆಲ್ಲ ಮೀನು ಬರೋ ಮುಂಚೆ ಮುಗಿದಿರಬೇಕು. ಅಮೋನಿಯವನ್ನ ಅರಗಿಸೋ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಯೂರೋಕೆ ವಾರಗಳೇ ಬೇಕು. ಮೊದಲು ಬೇರೆ ತೊಟ್ಟಿಯಲ್ಲಿ ಕ್ವಾರಂಟೈನ್, ಅದರೊಳಗೆ ಅಡಗೋಕೆ ಪಿವಿಸಿ ಪೈಪಿನ ತುಂಡುಗಳು. ಅಂಗಡಿಯ ನೀರಿನ ಉಪ್ಪಿನಂಶ ಕೇಳಿಕೊಂಡು ತೊಟ್ಟಿಯನ್ನ ಅದಕ್ಕೇ ಹೊಂದಿಸಿ. ಚೀಲವನ್ನ 15–20 ನಿಮಿಷ ತೇಲಿಬಿಟ್ಟು ಬಿಸಿ ಸಮ ಆದಮೇಲೆ ಮೀನನ್ನ ಮಾತ್ರ ಬಿಡಿ, ಚೀಲದ ನೀರು ಸಿಂಕಿಗೆ. ದೂರದಿಂದ ಬಂದ ಚೀಲವನ್ನ ಬಿಚ್ಚಿಟ್ಟು ಗಂಟೆಗಟ್ಟಲೆ ಹನಿ ಹನಿಯಾಗಿ ನೀರು ಬೆರೆಸೋದು ಒಳ್ಳೇದಲ್ಲ. ಮುಚ್ಚಿದ ಚೀಲದಲ್ಲಿ ಮೀನು ಉಸಿರು ಬಿಟ್ಟು ಬಿಟ್ಟು ಪಿಎಚ್ ಇಳಿದಿರುತ್ತೆ, ಅದರಿಂದ ಅಮೋನಿಯದ ವಿಷವೂ ತಗ್ಗಿರುತ್ತೆ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರಿ, ಅದೇ ಅಮೋನಿಯ ಕಿವಿರು ಸುಡೋಕೆ ಶುರು ಮಾಡುತ್ತೆ.

ಕ್ವಾರಂಟೈನ್ ಮುಗಿಸಿ ದೊಡ್ಡ ಟ್ಯಾಂಕಿಗೆ ಬಿಡೋ ದಿನ ಲೈಟು ಆರಿಸಿ. ಅಲ್ಲಿ ಮೊದಲೇ ಡ್ಯಾಮ್ಸೆಲ್‌ನಂಥ ಜಗಳಗಂಟ ಮೀನಿದ್ದರೆ, ಹೊಸದನ್ನ ತೂತಿರೋ ಪಾರದರ್ಶಕ ಡಬ್ಬಿಯಲ್ಲಿ ಕೆಲವು ದಿನ ಒಳಗೇ ಇಡಿ. ಮುಖ ಪರಿಚಯ ಆಗುತ್ತೆ, ಏಟು ಬೀಳಲ್ಲ. ತಿಂಡಿಯನ್ನ ಚೂರು ಚೂರೇ, ದಿನಾ ಅದೇ ಹೊತ್ತಿಗೆ, ಅದು ಅಡಗಿರೋ ಕಡೆ ನೀರಿನ ಹರಿವಿನಲ್ಲಿ ತೇಲಿಬಿಡಿ. ತಳಕ್ಕೆ ಬಿದ್ದದ್ದನ್ನ ಫೈರ್‌ಫಿಶ್ ಸಾಮಾನ್ಯವಾಗಿ ಮೂಸಲ್ಲ. ಆಮೇಲೆ ದೂರದ ಸೋಫಾದಲ್ಲಿ ಕೂತ್ಕೊಳ್ಳಿ.

"ಸುಮ್ನೆ ಬಿಟ್ಟು ಸತ್ತೋದ್ರೆ?" ಅಂತ ಕೇಳ್ತೀರಿ. ಸರಿಯಾದ ಪ್ರಶ್ನೆ. ಸುಮ್ಮನಿರೋದು ಬೇರೆ, ಕಣ್ಣು ಮುಚ್ಚಿಕೊಳ್ಳೋದು ಬೇರೆ. ಉಸಿರಾಟ ಜೋರಾಗಿದ್ರೆ, ಮೈ ಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಕಂಡ್ರೆ, ರೆಕ್ಕೆ ಹರಿದಿದ್ರೆ, ದಿನಗಟ್ಟಲೆ ಏನೂ ತಿನ್ನದಿದ್ರೆ ನೀರು ಪರೀಕ್ಷಿಸಿ, ಗೊತ್ತಿದ್ದವರನ್ನ ಕೇಳಿ. ಹಾಗೇನೂ ಇಲ್ಲದೆ ಬರೀ ಅಡಗಿದ್ರೆ, ಅದು ತನ್ನ ಕೆಲಸ ತಾನು ಮಾಡ್ತಿದೆ.

ಇನ್ನೊಂದು ವಾದ: "ದುಡ್ಡು ಕೊಟ್ಟಿರೋದು ನೋಡೋಕೆ ತಾನೆ?" ಈ ದನಿ ನನಗೆ ಚೆನ್ನಾಗಿ ಗೊತ್ತು. ಹಳ್ಳಿಯಿಂದ ಬಂದು ಐಟಿ ಸೇರಿದ ನನ್ನಂಥೋರಿಗೆ ಮೊದಲ ದಿನವೇ "ಬಾಯಿ ಬಿಡಿ, ಓಪನ್ ಅಪ್ ಆಗಿ" ಅಂತಾರೆ. ಬಾಯಿ ಬಿಡದಿದ್ರೆ ಶೈ ಅನ್ನೋ ಲೇಬಲ್ಲು. ಸುತ್ತ ಯಾರಿದ್ದಾರೆ, ಯಾರು ಕಚ್ಚುತ್ತಾರೆ ಅಂತ ನೋಡಿಕೊಳ್ಳೋಕೆ ಯಾರಿಗಾದ್ರೂ ಟೈಮ್ ಬೇಕಲ್ವಾ? ನಮಗಾದ್ರೂ ಕೆಲಸ ಬಿಡೋ ದಾರಿ ಇದೆ. ಮೀನಿಗೆ ಆ ಗಾಜಿನ ಡಬ್ಬಿ ಬಿಟ್ಟರೆ ಬೇರೆ ಊರಿಲ್ಲ. ದುಡ್ಡು ಕೊಟ್ಟಾಗ ನಮ್ಮ ಪಾಲಿಗೆ ಬಂದದ್ದು ಅದರ ಜವಾಬ್ದಾರಿ. ಶೋ ನೋಡೋ ಟಿಕೆಟ್ಟು ಅದರ ಜೊತೆ ಬರಲ್ಲ.

ಕಾಯೋಕೆ ಆಗಲ್ವಾ? ಅದೂ ತಪ್ಪಲ್ಲ. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್‌ಫಿಶ್ ಕೇಳಿ ತಗೊಳ್ಳಿ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಸಿನಿಮಾದ ಆ ಪಟ್ಟೆ ಮೀನಿನ ಮರಿ ಮಾಡಿಸೋ ತಂತ್ರ ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರ ಹತ್ತಿರವೇ ಇದೆ. ಅವು ಗಾಜು, ಜನ, ಒಣತಿಂಡಿ ಎಲ್ಲ ಕಂಡು ಬೆಳೆದವು, ಬೇಗ ಒಗ್ಗುತ್ತವೆ. ಅದಕ್ಕೂ ಪುರುಸೊತ್ತಿಲ್ಲ ಅಂದ್ರೆ ದೊಡ್ಡ ಟಿವಿಯಲ್ಲಿ ಹವಳದ ದಿಬ್ಬದ ವಿಡಿಯೋ ಹಾಕ್ಕೊಳ್ಳಿ. ಆ ಮೀನುಗಳು ಅಡಗಿಕೊಂಡ್ರೂ ಮುಂದಕ್ಕೆ ಓಡಿಸಬಹುದು.