ಗಾಡಿಯ ಅಂಕಿ, ಮನೆಯ ಗುಟ್ಟು

ಮುಂಬಯಿಯ ಬೀದಿಗಳಲ್ಲಿ ಓಡಾಡುವ ಕಾರುಗಳ ಸಂಖ್ಯಾಫಲಕಗಳನ್ನು ಓದುವುದು ನಮಗೆಲ್ಲ ಒಂದು ವಿನೋದ. ಹೆಚ್ಚಿನ ಶುಲ್ಕ ತೆತ್ತು ಮೆಚ್ಚಿನ ಅಂಕಿಯನ್ನು ಪಡೆಯಲು ನಮ್ಮ ದೇಶದಲ್ಲಿ ಅವಕಾಶವುಂಟು. ಅಷ್ಟಕ್ಕೇ ತೃಪ್ತರಾಗದೆ, 8055 ಎಂಬುದನ್ನು ಆಂಗ್ಲದ ‘ಬಾಸ್’ ಎಂದು ಕಾಣುವಂತೆ ಬರೆಸುವವರೂ ಇದ್ದಾರೆ, ಇದು ನಿಯಮಬಾಹಿರ.

ಹೊಸ ಕಾರು ಬಂದೊಡನೆ ಅದರ ಮುಂದೆ ನಿಂತು ತೆಗೆದ ಚಿತ್ರವನ್ನು ಜಾಲತಾಣಕ್ಕೆ ಏರಿಸುವುದು ಈಗಿನ ರೂಢಿ. ಬೀದಿಯಲ್ಲಿ ಎಲ್ಲರಿಗೂ ಕಾಣುವ ಅಂಕಿಯನ್ನು ಮುಚ್ಚುವುದೇಕೆಂದು ಕೆಲವರು ಕೇಳಬಹುದು. ದಾರಿಹೋಕನು ಮರುಗಳಿಗೆಯಲ್ಲಿ ಮರೆತಾನು. ಚಿತ್ರವಾದರೋ ಉಳಿದೇ ಇರುವುದು. ಅಂಕಿಯೊಡನೆ ಮನೆಯ ಬಾಗಿಲು, ನಮ್ಮ ಸಮವಸ್ತ್ರ, ಊರಿಗೆ ಹೊರಡುವ ದಿನ ಇವೆಲ್ಲ ಸೇರಿದರೆ ಅಪರಿಚಿತನಿಗೆ ನಾವೇ ವಿಳಾಸ ಬರೆದುಕೊಟ್ಟಂತೆ. ಆರಿಸಿ ಪಡೆದ ಅಂಕಿಯಂತೂ ಒಮ್ಮೆ ಕಂಡರೆ ಸಾಕು, ನೆನಪಿನಲ್ಲಿ ನಿಲ್ಲುವುದು.

ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಾದ ನಮಗೆ ಹೆಮ್ಮೆಯ ಸಂಗತಿ. ಆದರೆ ಹೆಮ್ಮೆಪಟ್ಟರಷ್ಟೇ ಸಾಲದು. ಹಕ್ಕನ್ನು ನ್ಯಾಯಾಲಯ ಎತ್ತಿಹಿಡಿದೀತು; ಅದನ್ನು ದಿನದಿನವೂ ಕಾಯಬೇಕಾದವರು ನಾವೇ. ಮುಂದೆ ಮನೆಯಲ್ಲಿ ಇಂತಹ ಚಿತ್ರವನ್ನು ಏರಿಸುವಾಗ, “ಅಪ್ಪಾ, ಫಲಕವನ್ನು ಮೊದಲು ಮರೆಮಾಡಿ” ಎಂದು ವಿನಯದಿಂದ ಹೇಳೋಣ.