ಉಗ್ರಾಣದಲ್ಲಿ ಕುಳಿತ ಹಣ

ಆರೋಗ್ಯದ ಲೇಖನಗಳ ನಡುವೆ ವ್ಯಾಪಾರದ ಮಾತೇಕೆ ಎಂದು ವಾಚಕರು ಕೇಳಬಹುದು. ದೇಹಕ್ಕೆ ರಕ್ತಸಂಚಾರ ಹೇಗೋ ವ್ಯಾಪಾರಕ್ಕೆ ಹಣದ ಸಂಚಾರ ಹಾಗೆ. ಒಂದೆಡೆ ಕಟ್ಟಿಕೊಂಡರೆ ಇಡೀ ಶರೀರ ಬಳಲುತ್ತದೆ. ಮಾರಾಟ ಕುಗ್ಗಿದಾಗ ನಮ್ಮ ಹೋಟೆಲು, ಅಂಗಡಿಗಳ ಬಾಂಧವರು ಮೊದಲು ನೆನೆಯುವುದು ಬ್ಯಾಂಕಿನ ಸಾಲವನ್ನು. ಸಾಲ ಕೊಡುವ ವೃತ್ತಿಯವನೇ ಆದ ನಾನು ಹೇಳುವುದಿಷ್ಟು: ಅರ್ಜಿಗೆ ರುಜು ಹಾಕುವ ಮುನ್ನ ಉಗ್ರಾಣದ ಬಾಗಿಲು ತೆರೆದು ನೋಡಬೇಕು.

2022ರಲ್ಲಿ, ಲಾಕ್‌ಡೌನಿನ ಪೆಟ್ಟಿನಿಂದ ಇನ್ನೂ ಚೇತರಿಸಿಕೊಳ್ಳದ ಮುಂಬಯಿಯ ಸಣ್ಣ ಹೋಟೆಲೊಂದರ ಯಜಮಾನರು ಪತ್ನಿಯ ಬಳೆಗಳನ್ನು ಅಡವಿಡಲು ಬಂದರು. ಲೆಕ್ಕ ಕೇಳಿದೆ. ದಿನಕ್ಕೆ 4,000 ರೂಪಾಯಿಯ ಸಾಮಾನು ಖರ್ಚು. ಉಗ್ರಾಣದಲ್ಲಿದ್ದುದು 20 ದಿನಗಳದು, ಎಂದರೆ 80,000. ಕಚೇರಿಗಳಿಗೆ ಉದ್ದರಿಯಲ್ಲಿ ಕಳುಹಿಸುತ್ತಿದ್ದ ಊಟ ದಿನಕ್ಕೆ 3,000ದ್ದು. ಹಣ ಕೈಸೇರುತ್ತಿದ್ದುದು 30 ದಿನಗಳ ಮೇಲೆ, ಎಂದರೆ 90,000. ದಿನಸಿಯವರು ಇವರಿಗೆ ಕೊಟ್ಟ ವಾಯಿದೆ 10 ದಿನ, 40,000. ಕೂಡಿ ಕಳೆದರೆ 1,30,000 ರೂಪಾಯಿ ಸದಾ ಸಿಕ್ಕಿಬಿದ್ದಿತ್ತು. ದಾಸ್ತಾನನ್ನು 10 ದಿನಕ್ಕೂ ವಸೂಲಿಯನ್ನು 15 ದಿನಕ್ಕೂ ಇಳಿಸಿದರೆ ಬೇಕಾಗುವುದು 45,000 ಮಾತ್ರ. ಬಿಡುಗಡೆಯಾಗುವ 85,000 ಅವರದೇ ಹಣ. ಅದಕ್ಕೆ ಬಡ್ಡಿಯಿಲ್ಲ, ಅಡವಿಲ್ಲ. ಬಳೆಗಳು ಅಂದೇ ಮನೆಗೆ ಮರಳಿದವು.

ಚೀಲಗಟ್ಟಲೆ ಕೊಳ್ಳುವುದು ಹಿರಿಯರಿಂದ ಬಂದ ರೂಢಿ. ಅಭಾವದ ದಿನಗಳಲ್ಲಿ ಅದು ಜಾಣತನವೇ ಆಗಿತ್ತು. ಇಂದು ಚೀಲವೊಂದರಲ್ಲಿ ಉಳಿಸಿದ ನಾಲ್ಕು ಕಾಸನ್ನು ಹುಳುವೂ ಬಡ್ಡಿಯೂ ಸೇರಿ ತಿನ್ನುತ್ತವೆ. 1974ರಲ್ಲಿ ರಿಸರ್ವ್ ಬ್ಯಾಂಕು ನೇಮಿಸಿದ ಟಂಡನ್ ಸಮಿತಿಯು ದೊಡ್ಡ ಉದ್ಯಮಗಳ ದಾಸ್ತಾನು ಹಾಗೂ ಬಾಕಿಗಳಿಗೆ ಮಿತಿಗಳನ್ನು ಸೂಚಿಸಿತು. ಆ ಕಟ್ಟಳೆಗಳು ಈಗಿಲ್ಲ. ಅವುಗಳ ಹಿಂದಿನ ವಿವೇಕ ಸಣ್ಣ ವ್ಯಾಪಾರಿಗೂ ಬೇಕು.

ಹಾಗೆಂದು ಉಗ್ರಾಣವನ್ನು ಬರಿದು ಮಾಡುವುದೂ ದಕ್ಷತೆಯಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರವೇ ಸ್ತಬ್ಧವಾದುದನ್ನು ಮರೆಯಲಾದೀತೆ? ಹಾಲು, ತರಕಾರಿ ಅಂದಂದಿಗೆ; ಅಕ್ಕಿ, ಬೇಳೆ ವಾರಕ್ಕೊಮ್ಮೆ; ಮಳೆಗಾಲದಲ್ಲಿ ನಾಲ್ಕು ದಿನದ್ದು ಹೆಚ್ಚಿಗೆ. ಉದ್ದಿನಬೇಳೆ, ಕಾಫಿಪುಡಿಗಳಂತಹ ಮುಖ್ಯ ವಸ್ತುಗಳಿಗೆ ಇಬ್ಬರು ಸರಬರಾಜುದಾರರಿರಲಿ. ಇದೇ ಯೋಜನೆ, ಇದಕ್ಕೆ ದೊಡ್ಡ ಪದವಿಯೇನೂ ಬೇಡ.

ಇನ್ನೊಂದು ಮಾತು. ಸರಕು ಕೊಟ್ಟವರ ಹಣವನ್ನು ತಡೆಹಿಡಿದು ನಮ್ಮ ಗಲ್ಲಾಪೆಟ್ಟಿಗೆ ತುಂಬಿಸಿಕೊಳ್ಳುವುದು ಯೋಜನೆಯಲ್ಲ, ನಮ್ಮ ಕಷ್ಟವನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಸಣ್ಣ ಉತ್ಪಾದಕರಿಗೆ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆಯೇ ವಿಧಿಸಿದೆ. ಉಪ್ಪಿನಕಾಯಿ, ಹಪ್ಪಳ ಮಾಡಿ ಒದಗಿಸುವ ನಮ್ಮ ಸೋದರಿಯರಿಗೆ ಕಾನೂನು ತೋರಿಸಿ ಹಣ ಕೇಳುವ ಪ್ರಸಂಗವೇ ಬರಬಾರದು. ಸರಕಿಗೆ ಅಭಾವ ಬಂದಾಗ ವ್ಯಾಪಾರಿಯು ಮೊದಲು ನೆನೆಯುವುದೂ ವಾಯಿದೆ ತಪ್ಪದ ಗಿರಾಕಿಯನ್ನೇ.

ಸಕ್ಕರೆ ಕಾಯಿಲೆಯವರು ಆಗಾಗ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವಂತೆ ನಾವೂ ವಾರಕ್ಕೊಮ್ಮೆ ಮೂರು ಅಂಕಿಗಳನ್ನು ಬರೆದಿಡೋಣ: ಸರಕು ಎಷ್ಟು ದಿನದ್ದು, ಬರಬೇಕಾದುದು ಎಷ್ಟು ದಿನದ್ದು, ಕೊಡಬೇಕಾದುದು ಎಷ್ಟು ದಿನದ್ದು. ಈ ಲೆಕ್ಕ ಕೈಯಲ್ಲಿದ್ದರೆ, ಆಮೇಲೆ ಬ್ಯಾಂಕಿಗೆ ಬಂದರೂ ನಮ್ಮ ಬಾಂಧವರು ತಲೆಯೆತ್ತಿ ಮಾತನಾಡಬಲ್ಲರು.